ಸೇರು ಒಂದೇ ಇರಲಿ: ಡ್ರೈವರ್‌ಗೆ ಡೇಟಾ ಕೆಡದಂತೆ ತಲುಪಿಸುವ 8 ಸೂತ್ರಗಳು

ಪ್ರೋಗ್ರಾಂ ಕಳಿಸಿದ ತಾಪಮಾನ 25. ಡ್ರೈವರ್ ಕೈಗೆ ಸಿಕ್ಕಿದ್ದು 419430400! ಕುಣಿಯಲಾರದವಳು ನೆಲ ಡೊಂಕು ಎಂದಂತೆ ಮೆಮೊರಿಯನ್ನೋ ಡ್ರೈವರನ್ನೋ ಬೈಯಲು ಹೊರಡಬೇಡಿ. ಬಹಳ ಸಲ ಬೈಟ್‌ಗಳು ಕೆಟ್ಟೇ ಇರುವುದಿಲ್ಲ. ಅಳೆದು ಕೊಟ್ಟವನ ಸೇರು ಬೇರೆ, ಅಳೆದುಕೊಂಡವನ ಸೇರು ಬೇರೆ, ಅಷ್ಟೆ. ಲಿನಕ್ಸ್‌ನಲ್ಲಿ ಸಿ ಭಾಷೆಯ ಸ್ಟ್ರಕ್ಚರ್ ಅನ್ನು ಐಆಕ್ಟಲ್ ಮೂಲಕ ಡ್ರೈವರ್‌ಗೆ ಕೊಡುವವರಿಗೆ ಈ ಸೂತ್ರಗಳು.

1. ಮೊದಲು ಗಾತ್ರ ನೋಡಿ
ಎರಡೂ ಕಡೆ ಸೈಜ್‌ಆಫ್ ಪ್ರಿಂಟ್ ಮಾಡಿ. ಒಂದು ಬೈಟಿನ ಚಾನೆಲ್, ನಾಲ್ಕು ಬೈಟಿನ ಮೌಲ್ಯ, ಒಂದು ಬೈಟಿನ ಫ್ಲ್ಯಾಗ್: ನಮ್ಮ ಬೆರಳೆಣಿಕೆಯಲ್ಲಿ 6, ಕಂಪೈಲರ್ ಲೆಕ್ಕದಲ್ಲಿ 12. ಮೌಲ್ಯವನ್ನು ನಾಲ್ಕರ ಗಡಿಗೆ ಕೂರಿಸಲು ಅದು ನಡುವೆ 3, ಕೊನೆಗೆ 3 ಖಾಲಿ ಬೈಟ್ ಸೇರಿಸುತ್ತದೆ. ಖಾಲಿ ಬೈಟ್ ಸೇರಿಸಬೇಡ ಎಂದು ಹೇಳುವ ‘ಪ್ಯಾಕ್ಡ್’ ಪದವನ್ನು ಒಂದೇ ಕಡೆ ಬರೆದಿದ್ದರೆ ಎಡವಟ್ಟು ಅಲ್ಲೇ.

2. ಗಾತ್ರ ಹೊಂದಿದರೂ ಜಾಗ ನೋಡಿ
ಎರಡು ಸದಸ್ಯಗಳು ಅದಲುಬದಲಾದರೂ ಒಟ್ಟು ಗಾತ್ರ ಅಷ್ಟೇ ಇರಬಹುದು. ಪ್ರತಿ ಸದಸ್ಯದ ಆಫ್‌ಸೆಟ್ ಹೋಲಿಸಿ. ‘ಪಾಹೋಲ್’ ಎಂಬ ಟೂಲ್ ಸ್ಟ್ರಕ್ಚರ್‌ನ ಒಳಗಿನ ತೂತುಗಳನ್ನೆಲ್ಲ ಎತ್ತಿ ತೋರಿಸುತ್ತದೆ.

3. ಗುರುತಿನ ಸಂಖ್ಯೆ ಕಳಿಸಿ
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ಇಲ್ಲಿಗೇ ಹೇಳಿದ ಮಾತು. 25 ಎಂದರೆ ಲಿಟಲ್ ಎಂಡಿಯನ್ ಮೆಮೊರಿಯಲ್ಲಿ, ಹೆಕ್ಸ್ ಲೆಕ್ಕದಲ್ಲಿ, 19 00 00 00. ಚಾನೆಲ್ ಬೈಟಿನ ನಂತರದ ಖಾಲಿ ಜಾಗದಲ್ಲಿ ಸೊನ್ನೆಗಳಿದ್ದು, ಪ್ಯಾಕ್ಡ್ ಡ್ರೈವರ್ ಮೂರು ಬೈಟ್ ಮೊದಲೇ ಓದಿದರೆ ಸಿಗುವುದು 419430400. ಬೈಟ್‌ಗಳ ಸಾಲು ಹಿಂದುಮುಂದಾದರೂ ಸಿಗುವುದು ಅದೇ 419430400! ರೋಗ ಎರಡು, ಲಕ್ಷಣ ಒಂದು. ಅದಕ್ಕೇ ಹೆಕ್ಸ್‌ನಲ್ಲಿ 11223344 ಕಳಿಸಿ. 44000000 ಬಂದರೆ ಜಾಗ ಸರಿದಿದೆ. 44332211 ಬಂದರೆ ಎಂಡಿಯನ್ ತಿರುಗಿದೆ. ಎರಡೂ ಕಡೆ ಹೆಕ್ಸ್ ಡಂಪ್ ತೆಗೆದು ಪಕ್ಕಪಕ್ಕ ಇಟ್ಟರೆ ಅರ್ಧ ತನಿಖೆ ಮುಗಿದಂತೆ.

4. ‘ಲಾಂಗ್’ ಬಳಸಬೇಡಿ
32 ಬಿಟ್ ಪ್ರೋಗ್ರಾಂನಲ್ಲಿ ಲಾಂಗ್ 4 ಬೈಟ್, 64 ಬಿಟ್ ಲಿನಕ್ಸ್ ಕರ್ನಲ್‌ನಲ್ಲಿ 8. ಯು32, ಯು64ರಂಥ ಅಳತೆ ಕಟ್ಟಿದ ಟೈಪ್‌ಗಳನ್ನೇ ಇಡಿ. ಅಲ್ಲೂ ಒಂದು ಗುಂಡಿ ಇದೆ: ಯು32 ನಂತರ ಯು64 ಬಂದರೆ 32 ಬಿಟ್ ಇಂಟೆಲ್‌ನಲ್ಲಿ ಒಟ್ಟು 12 ಬೈಟ್, 64 ಬಿಟ್‌ನಲ್ಲಿ 16. ನಡುವಿನ ಖಾಲಿ ಜಾಗಕ್ಕೆ ನೀವೇ ಒಂದು ಹೆಸರು ಕೊಟ್ಟು ತುಂಬಿಸಿ.

5. ಸೊನ್ನೆ ಬಂದರೆ ಗೆದ್ದಿರಿ
ಡ್ರೈವರ್ ಡೇಟಾ ನಕಲು ಮಾಡಿಕೊಳ್ಳಲು ಬಳಸುವ ಕಾಪಿ ಫ್ರಮ್ ಯೂಸರ್ ಹಿಂದಿರುಗಿಸುವುದು ನಕಲಾದ ಬೈಟ್‌ಗಳ ಲೆಕ್ಕವನ್ನಲ್ಲ, ನಕಲಾಗದೆ ಉಳಿದವುಗಳ ಲೆಕ್ಕವನ್ನು. ಸೊನ್ನೆಯಲ್ಲದ ಏನು ಬಂದರೂ ಕೆಲಸ ನಿಲ್ಲಿಸಿ ಎರರ್ ಕೊಡಿ.

6. ವಿಳಾಸ ಕೊಟ್ಟರೆ ಮನೆ ಬರುವುದಿಲ್ಲ
ಸ್ಟ್ರಕ್ಚರ್ ಒಳಗೆ ಪಾಯಿಂಟರ್ ಇದ್ದರೆ ನಕಲಾಗುವುದು ವಿಳಾಸ ಮಾತ್ರ. ಅದು ತೋರಿಸುವ ಬಫರನ್ನು ಡ್ರೈವರ್ ಇನ್ನೊಮ್ಮೆ, ಬೇರೆಯಾಗಿ ನಕಲು ಮಾಡಬೇಕು. ಪಾಯಿಂಟರ್‌ನ ಅಳತೆಯೂ ಬದಲಾಗುವುದರಿಂದ ಅದನ್ನು ಯು64ರಲ್ಲೇ ಸಾಗಿಸಿ.

7. ಪಾತ್ರೆ ತೊಳೆದು ತುಂಬಿ
ಸದಸ್ಯಗಳಿಗೆ ಬೆಲೆ ಕೊಡುವ ಮೊದಲು ಇಡೀ ಸ್ಟ್ರಕ್ಚರನ್ನು ಮೆಮ್‌ಸೆಟ್‌ನಿಂದ ಸೊನ್ನೆ ಮಾಡಿ. ಇಲ್ಲವಾದರೆ ಖಾಲಿ ಬೈಟ್‌ಗಳಲ್ಲಿ ಹಳೆಯ ಕಸ ಉಳಿಯುತ್ತದೆ. ಡ್ರೈವರ್‌ನಿಂದ ವಾಪಸ್ ಬರುವಾಗ ಅಂಥದೇ ಕಸದಲ್ಲಿ ಕರ್ನಲ್‌ನ ಗುಟ್ಟು ಹೊರಬೀಳಬಹುದು. ಇಷ್ಟೆಲ್ಲ ಸರಿಯಿದ್ದೂ ಡೇಟಾ ಕೆಡುತ್ತಿದ್ದರೆ ಆಗ ಮೆಮೊರಿಯನ್ನು ಶಂಕಿಸಿ: ಲಿನಕ್ಸ್ 4.0ರಲ್ಲಿ ಸೇರಿದ ‘ಕಾಸಾನ್’ ಎಂಬ ಮೆಮೊರಿ ತಪಾಸಕವನ್ನು ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿದರೆ, ಬಫರ್‌ನ ಗಡಿ ದಾಟಿದವರು ಸಿಕ್ಕಿಬೀಳುತ್ತಾರೆ.

8. ಸೇರಿಗೆ ಮುದ್ರೆ ಒತ್ತಿಸಿ
ಸ್ಟ್ರಕ್ಚರನ್ನು ಎರಡು ಕಡೆ ಬರೆಯದೆ ಒಂದೇ ಹೆಡರ್ ಫೈಲಿನಲ್ಲಿಡಿ. ಗಾತ್ರ ತಪ್ಪಿದರೆ ಕಂಪೈಲೇ ಆಗದಂತೆ ಸ್ಟ್ಯಾಟಿಕ್ ಅಸರ್ಟ್ ಹಾಕಿ. ಐಆಕ್ಟಲ್ ನಂಬರನ್ನು ಕೈಯಿಂದ ಬರೆಯಬೇಡಿ. ಲಿನಕ್ಸ್‌ನ ಮ್ಯಾಕ್ರೋಗಳು ಸ್ಟ್ರಕ್ಚರ್‌ನ ಗಾತ್ರವನ್ನೂ ಆ ನಂಬರಿನೊಳಗೆ ಸೇರಿಸುತ್ತವೆ. ಅಳತೆ ಬೇರೆಯಾದರೆ ನಂಬರೂ ಬೇರೆಯಾಗುತ್ತದೆ, ಡ್ರೈವರ್ ಬಾಗಿಲಲ್ಲೇ ಎರರ್ ಕೊಟ್ಟು ಕಳಿಸುತ್ತದೆ. 419430400 ಡಿಗ್ರಿಯನ್ನು ನಂಬಿ ಫ್ಯಾನ್ ತಿರುಗಿಸುವುದಕ್ಕಿಂತ ಅದು ಮೇಲಲ್ಲವೇ?