ಸಹಿ ಹಾಕುವ ಮುಂಚೆ ಓದವ್ವ

ಹೊಗೆಸೊಪ್ಪು ಹರಾಜಾಯಿತು. ದುಡ್ಡು ಬ್ಯಾಂಕಿಗೆ ಬಂತು. ಹುಣಸೂರು, ಪಿರಿಯಾಪಟ್ಟಣ, ಹೆಚ್.ಡಿ. ಕೋಟೆ ಕಡೆ ಆಗಲೇ ಮನೆ, ಸೈಟಿನ ಮಾತು ಏಳುತ್ತದೆ. ಕೆ.ಆರ್. ನಗರದ ಕಡೆ ಭತ್ತ ಮಾರಿದ ಮೇಲೆ ಇದೇ ಮಾತು. ಸಾಲ ತೀರಿಸಿ, ಒಡವೆ ಬಿಡಿಸಿ, ಒಂದಿಷ್ಟು ಉಳಿದರೆ "ಒಂದು ಸೈಟಾದ್ರೂ ತಗೊಳ್ಳಾಣ" ಅನ್ನುತ್ತಾರೆ.

ಆಗ ದಲ್ಲಾಳಿ ಬರುತ್ತಾನೆ.

ಒಬ್ಬ ಅಕ್ಕನ ಮನೆಗೆ ಹೀಗೆ ಬಂದ ಎಂದುಕೊಳ್ಳಿ.

"ಮೂವತ್ತು ನಲವತ್ತು ಸೈಟು ಕಣಕ್ಕ. ರೋಡ್ ಪಕ್ಕದಲ್ಲೇ. ಒಂದೇ ಉಳ್ಕೊಂಡಿರೋದು. ಮೈಸೂರಿನೋರು ನೋಡ್ಕೊಂಡು ಹೋಗವ್ರೆ. ಇವತ್ತೇ ಅಡ್ವಾನ್ಸ್ ಕೊಟ್ಬುಡಿ."

ಗಂಡ ದುಡ್ಡು ಎಣಿಸಲು ಕುಳಿತ. ಅಕ್ಕ ಕಲಿಕಾ ಕೇಂದ್ರಕ್ಕೆ ಹೋಗಿ ಅಕ್ಷರ ಕಲಿತವಳು. ಕಾಗದ ಕೈಗೆ ತೆಗೆದುಕೊಂಡಳು. ಬೆರಳಿಟ್ಟು ಓದಿದಳು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಕ್ರಯದ ಕರಾರು.

"ಇದು ಕ್ರಯಪತ್ರ ಅಲ್ವಲ್ಲಣ್ಣ?"

"ಅಯ್ಯೋ, ಎರಡೂ ಒಂದೇ ಬುಡಕ್ಕ. ಸ್ಟಾಂಪ್ ಕಾಗ್ದದ ಮೇಲೆ ಐತಲ್ಲ."

ಎರಡೂ ಒಂದೇ ಅಲ್ಲ. ಕರಾರು ಅಂದರೆ "ಮುಂದೆ ಮಾರುತ್ತೇನೆ" ಎಂಬ ಮಾತು. ಕ್ರಯಪತ್ರ ಅಂದರೆ "ಮಾರಿದ್ದೇನೆ" ಎಂಬ ಮಾತು. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಮನೆ, ಜಮೀನು ಮಾರಿದರೆ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗಲೇಬೇಕು. 1908ರ ನೋಂದಣಿ ಕಾಯಿದೆ ಹಾಗೆ ಹೇಳುತ್ತದೆ. ನೋಂದಣಿ ಆಗದಿದ್ದರೆ ಮನೆ ನಿಮ್ಮದಲ್ಲ. ಹತ್ತು ವರ್ಷ ಅದರಲ್ಲಿ ವಾಸ ಮಾಡಿದರೂ ಅಷ್ಟೆ. ಬರೀ ಕರಾರು ಇದ್ದು, ಮಾರುವವನು ತಪ್ಪಿಸಿಕೊಂಡರೆ ಕೋರ್ಟಿಗೆ ಹೋಗಬೇಕು. ಅದಕ್ಕೂ ಮೂರು ವರ್ಷದ ಗಡುವು ಉಂಟು. ಜಿ.ಪಿ.ಎ. ಎಂಬ ಅಧಿಕಾರ ಪತ್ರ ಬರೆಸಿಕೊಂಡು ಕೊಂಡರೂ ಮನೆ ನಿಮ್ಮದಾಗದು. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ಅಕ್ಕ ಬಿಡಲಿಲ್ಲ. "ಪಹಣಿ ಕೊಡಣ್ಣ" ಎಂದಳು. ದಲ್ಲಾಳಿ ಮುಖ ಸಿಂಡರಿಸಿಕೊಂಡು ಕೊಟ್ಟ.

ಪಹಣಿಯಲ್ಲಿ ಕಾಲಂಗಳು ತುಂಬ ಇವೆ. ಎಲ್ಲ ಓದುವುದು ಕಷ್ಟ. ಒಂಬತ್ತನೇ ಕಾಲಂ ನೋಡಿ. ಅಲ್ಲಿ ಒಡೆಯರ ಹೆಸರು ಇರುತ್ತದೆ. ಹನ್ನೊಂದನೇ ಕಾಲಂ ನೋಡಿ. ಬ್ಯಾಂಕ್ ಸಾಲ, ಸೊಸೈಟಿ ಸಾಲ ಅಲ್ಲಿ ಬರೆದಿರುತ್ತಾರೆ.

ಒಂಬತ್ತನೇ ಕಾಲಂನಲ್ಲಿ ಮಾರುವವನ ಹೆಸರು ಇರಲಿಲ್ಲ. ಅವನ ಅಪ್ಪನ ಹೆಸರಿತ್ತು. ಅಪ್ಪ ತೀರಿಕೊಂಡು ಆರು ವರ್ಷ ಆಗಿದೆ. ಅವನಿಗೆ ಮೂವರು ಅಕ್ಕತಂಗಿಯರು. ಅವರ ಸಹಿ ಇಲ್ಲ.

ಇನ್ನೊಂದು ಮಾತು. ಪಹಣಿ ಇರುವುದು ಹೊಲಕ್ಕೆ. ಕಲ್ಲು ನೆಟ್ಟು, ಸುಣ್ಣ ಬಳಿದು "ಸೈಟು" ಅಂದರೆ ಹೊಲ ಸೈಟಾಗುವುದಿಲ್ಲ. ಅದಕ್ಕೆ ಭೂಪರಿವರ್ತನೆ ಆದೇಶ ಬೇಕು. ಆ ಮೇಲೆ ಬಡಾವಣೆಯ ನಕ್ಷೆಗೆ ಮಂಜೂರಾತಿ ಬೇಕು. ಆ ಮೇಲೆ ಪಂಚಾಯಿತಿ ಅಥವಾ ಪುರಸಭೆ, ನಗರಸಭೆಯಿಂದ ಇ-ಖಾತೆ. ಹಳ್ಳಿಯಲ್ಲಾದರೆ ನಮೂನೆ 9 ಮತ್ತು ನಮೂನೆ 11ಎ ಕೇಳಿ. ನಮೂನೆ 11ಬಿ ತೋರಿಸಿದರೆ ಮಂಜೂರಾತಿಯಲ್ಲಿ ಕೊರತೆ ಇದೆ ಎಂದರ್ಥ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಸೈಟು, ಮನೆ ನೋಂದಣಿ ಆಗುವುದಿಲ್ಲ. "ಕಂದಾಯ ಕಟ್ಟಿದ ರಸೀದಿ ಐತೆ, ಕರೆಂಟ್ ಬಿಲ್ ಐತೆ" ಎನ್ನುತ್ತಾರೆ. ಇರಲಿ ಬಿಡಿ. ರಸೀದಿಯಿಂದ ಯಾರೂ ಒಡೆಯರಾಗುವುದಿಲ್ಲ.

ಋಣಭಾರ ಪತ್ರ ಎಂಬುದು ಇನ್ನೊಂದು ಕಾಗದ. ಜನ ಇದನ್ನು ಇ.ಸಿ. ಎನ್ನುತ್ತಾರೆ. ಆ ಮನೆಯನ್ನು ಯಾರು ಯಾರಿಗೆ ಮಾರಿದರು, ಎಲ್ಲಿ ಅಡ ಇಟ್ಟರು ಎಂಬುದು ಇದರಲ್ಲಿ ಇರುತ್ತದೆ. ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. 'ಕಾವೇರಿ' ಆನ್‌ಲೈನ್‌ನಲ್ಲೂ ಸಿಗುತ್ತದೆ. ದಲ್ಲಾಳಿ ಕೊಟ್ಟದ್ದನ್ನು ನಂಬಬೇಡಿ. ನೀವೇ ತೆಗೆಸಿ. ಮೂವತ್ತು ವರ್ಷದ್ದು ತೆಗೆಸಿ. ಆದರೆ ನೋಂದಣಿ ಆದದ್ದು ಮಾತ್ರ ಇದರಲ್ಲಿ ಬರುತ್ತದೆ. ಬಾಯಿ ಮಾತಿನಲ್ಲಿ ಭೋಗ್ಯಕ್ಕೆ ಹಾಕಿದ್ದು ಬರುವುದಿಲ್ಲ. ಅದಕ್ಕೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ಕೆಲವು ಸಂಗತಿ ಕಚೇರಿಗಿಂತ ಅಜ್ಜಿಗೇ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಈ ತಾಲ್ಲೂಕುಗಳಲ್ಲಿ ಸರ್ಕಾರ ಕೊಟ್ಟ ಜಮೀನೂ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಇದು 1978ರ ಕಾಯಿದೆ. ಪಿ.ಟಿ.ಸಿ.ಎಲ್. ಕಾಯಿದೆ ಎನ್ನುತ್ತಾರೆ. ಹಾಗೆ ಮಾರಿದರೆ ಕ್ರಯ ನಿಲ್ಲುವುದಿಲ್ಲ. ಜಮೀನು ಕಳೆದುಕೊಂಡವರು ಹುಣಸೂರಿನ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ನಾಲ್ಕೂ ತಾಲ್ಲೂಕಿಗೆ ಅದೇ ಕಚೇರಿ. ಕೊಂಡವರು ಎಚ್ಚರವಾಗಿರಬೇಕು. ಕಷ್ಟಕ್ಕೆ ಸಿಕ್ಕಿ ಮಾರಿದವರು ಧೈರ್ಯವಾಗಿರಬೇಕು. ಆಶ್ರಯ ಮನೆಗೂ ಹೀಗೇ ಷರತ್ತು ಇರುತ್ತದೆ. ಹಕ್ಕುಪತ್ರದ ಹಿಂದೆ ಮುಂದೆ ಓದಿ. ಎಷ್ಟು ವರ್ಷ ಮಾರಬಾರದು ಎಂದು ಬರೆದಿದೆಯೋ ನೋಡಿ.

ಈಗ ಆ ಮೂವರು ಅಕ್ಕತಂಗಿಯರ ಕಡೆಗೆ ಬರೋಣ. ಅವರಲ್ಲಿ ಒಬ್ಬರು ನೀವೇ ಆಗಿದ್ದರೆ?

ಅಣ್ಣ ಬರುತ್ತಾನೆ. ಹೂವು, ಹಣ್ಣು, ಸೀರೆ ತರುತ್ತಾನೆ. "ಒಂದು ಸಹಿ ಬೇಕಾಗಿತ್ತು ಕಣವ್ವ. ಸುಮ್ನೆ ಆಫೀಸಿನ ಕಾಗ್ದ. ಕಾರ್ ತಂದಿವ್ನಿ, ಬಾ" ಎನ್ನುತ್ತಾನೆ. ಕಚೇರಿಯಲ್ಲಿ ಫೋಟೊ ತೆಗೆಯುತ್ತಾರೆ. ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಹೋಟೆಲಿನಲ್ಲಿ ಊಟ ಮಾಡಿಸಿ ಮನೆಗೆ ಬಿಡುತ್ತಾರೆ. ಆ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. "ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಬೇಡ" ಎಂದು ನೀವು ಬರೆದುಕೊಟ್ಟಂತೆ. ನೋಂದಣಿ ಆದ ಮೇಲೆ ಅದನ್ನು ರದ್ದು ಮಾಡಿಸುವುದು ಬಹಳ ಕಷ್ಟ.

ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ. ನಮ್ಮ ರಾಜ್ಯದಲ್ಲಿ 1994ರಲ್ಲಿ ಮದುವೆ ಆಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಬಂತು. 2005ರಲ್ಲಿ ದೇಶದ ಕಾಯಿದೆ ತಿದ್ದಿದರು. ಮದುವೆ ಆದವರಿಗೂ ಬಂತು. ಅಪ್ಪ ಆ ಮುಂಚೆಯೇ ತೀರಿಕೊಂಡಿದ್ದರೂ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿ ಆಗಿ ಮುಗಿದ ಪಾಲನ್ನು ಮತ್ತೆ ಕೆದಕುವಂತಿಲ್ಲ. ಮುಸ್ಲಿಂ ಹೆಣ್ಣುಮಕ್ಕಳಿಗೂ ಪಾಲಿದೆ, ಅದರ ಲೆಕ್ಕ ಬೇರೆ.

ಪಾಲು ಬಿಡುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ಅಣ್ಣನಿಗೆ ಕಷ್ಟವಿದ್ದರೆ ಬಿಡಬಹುದು. ತವರಿನ ಬಾಗಿಲು ಮುಚ್ಚಬಾರದು ಎಂಬ ಆಸೆ ಯಾರಿಗಿಲ್ಲ? ಆದರೆ ಗೊತ್ತಿದ್ದು ಬಿಡಿ. ದುಡ್ಡು ಕೊಡುತ್ತೇವೆ ಎಂದಿದ್ದರೆ ಆ ಮೊತ್ತ ಪತ್ರದಲ್ಲೇ ಇರಲಿ. ಬಾಯಿ ಮಾತು ಬೇಡ. ಓದಲು ಹೊತ್ತು ಬೇಕು ಎಂದು ಕೇಳಿ. "ನಾಳೆ ಮಾಡ್ತೀನಿ ಕಣಣ್ಣ" ಅಂದರೆ ಪ್ರಪಂಚ ಮುಳುಗುವುದಿಲ್ಲ.

ದುಡ್ಡಿನ ವಿಷಯ ಸ್ವಲ್ಪ. ಮುಂಗಡ 20,000 ರೂಪಾಯಿ ಮುಟ್ಟಿದರೆ ನಗದಾಗಿ ತೆಗೆದುಕೊಳ್ಳಬಾರದು. ಬ್ಯಾಂಕಿನ ಮೂಲಕವೇ ಆಗಬೇಕು. "ಪತ್ರದಲ್ಲಿ ಕಮ್ಮಿ ತೋರಿಸಾಣ, ಉಳಿದದ್ದು ಕೈಗೆ" ಎಂದರೆ ಒಪ್ಪಬೇಡಿ. ನಾಳೆ ಜಗಳ ಬಂದರೆ ಪತ್ರದಲ್ಲಿ ಬರೆದಷ್ಟಕ್ಕೇ ಸಾಕ್ಷಿ. ನೀವು ಮಾರುವವರಾದರೆ, ದುಡ್ಡು ಖಾತೆಗೆ ಬಿದ್ದದ್ದನ್ನು ನೋಡಿ ಆಮೇಲೆ ಸಹಿ ಹಾಕಿ. ಕೊಳ್ಳುವವರಾದರೆ ಮುದ್ರಾಂಕ, ನೋಂದಣಿ ಖರ್ಚನ್ನು ಮೊದಲೇ ಎತ್ತಿಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ ಎರಡು ರೂಪಾಯಿ ಆಗಿದೆ. ಎಲ್ಲ ಸೇರಿ ನೂರಕ್ಕೆ ಏಳೂವರೆ ರೂಪಾಯಿ ಮೀರುತ್ತದೆ. ಹತ್ತು ಲಕ್ಷದ ಸೈಟಿಗೆ ಮುಕ್ಕಾಲು ಲಕ್ಷ ಅಂದುಕೊಳ್ಳಿ. ಇದನ್ನು ಲೆಕ್ಕ ಹಾಕದೆ ಕೊನೆಗೆ ಮೀಟರ್ ಬಡ್ಡಿಗೆ ಸಾಲ ಮಾಡುವವರು ಬಹಳ.

ಅನುಮಾನ ಬಂದರೆ ವಕೀಲರನ್ನು ಕೇಳಬೇಕು. ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಬಿಟ್ಟಿ. ವರಮಾನ ಎಷ್ಟೇ ಇರಲಿ, ಕೇಳುವುದಿಲ್ಲ. 15100ಕ್ಕೆ ಫೋನ್ ಕೂಡ ಮಾಡಬಹುದು.

ಆ ಅಕ್ಕ ಏನು ಮಾಡಿದಳು? "ನಿಮ್ಮ ಅಕ್ಕತಂಗೀರ್ನ ಕರ್ಕೊಂಡು ಬಾ, ಖಾತೆ ಮಾಡಿಸ್ಕೊಂಡು ಬಾ, ಆಮೇಲೆ ಮಾತಾಡಾಣ" ಎಂದು ಕಾಗದ ವಾಪಸ್ಸು ಕೊಟ್ಟಳು. ದಲ್ಲಾಳಿ ಮತ್ತೆ ಬರಲಿಲ್ಲ. ಗಂಡ ಎರಡು ದಿನ ಸಿಟ್ಟು ಮಾಡಿಕೊಂಡಿದ್ದ.

ಓದಿ, ಮಾಡಿ

ನಿಮ್ಮ ಮನೆಯ ಕಾಗದ ಪೆಟ್ಟಿಗೆಯಲ್ಲಿದೆಯೇ? ನಾಳೆ ಕೇಂದ್ರಕ್ಕೆ ತನ್ನಿ. ಅದು ಕರಾರೋ, ಕ್ರಯಪತ್ರವೋ, ಹಕ್ಕುಪತ್ರವೋ ಓದಿ. ಯಾರ ಹೆಸರಿದೆ? ಚೆಕ್ಕುಬಂದಿ ಎಂಬಲ್ಲಿ ಮೂಡಲಿಗೆ ಯಾರು, ಪಡುವಲಿಗೆ ಯಾರು, ಬಡಗಲಿಗೆ ಏನು, ತೆಂಕಲಿಗೆ ಏನು ಎಂದು ಬರೆದಿದೆ? ಹೊರಗೆ ಬಂದು ನಿಂತು ನೋಡಿ, ಸರಿ ಇದೆಯೇ?