ಕೆಂಪು ಇಂಕಿನಲ್ಲಿ ಏನು ಬರೆದಿದೆ?

ಪ್ರೀತಿಯ ಶಿಷ್ಯನಿಗೆ, ನಿನ್ನ ಮೇಷ್ಟ್ರ ಆಶೀರ್ವಾದಗಳು.

ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ನೀನು ನನ್ನ ಪಕ್ಕವೇ ಕೂತಿದ್ದೆ. ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರೆ ಹೆಂಡತಿಯ ಮುಖ ನೋಡಿದೆ. "ಎರಡನೇ ಕ್ಲಾಸು ಸಾರ್" ಎಂದು ಆಕೆಯೇ ಹೇಳಬೇಕಾಯಿತು. ಆಮೇಲೆ ನೀನು, "ಟ್ಯೂಷನ್‌ಗೂ ಹಾಕಿದೀನಿ ಸಾರ್, ಓದಿಸೋದು ಮೇಷ್ಟ್ರ ಕೆಲಸ" ಎಂದೆ. ಹೋಳಿಗೆ ಗಂಟಲಲ್ಲೇ ನಿಂತಿತು. ನಿನ್ನಂಥ ಬೇರೆ ಅಪ್ಪಂದಿರೂ ಓದಲಿ ಎಂದು ಈ ಕಾಗದವನ್ನು ಪತ್ರಿಕೆಗೇ ಕೊಟ್ಟಿದ್ದೇನೆ, ಬೇಸರಿಸಬೇಡ.

ನೀನು ಐದನೇ ಕ್ಲಾಸಿನಲ್ಲಿದ್ದಾಗಿನ ಮಾತು. ನಿಮ್ಮವ್ವನಿಗೆ ಓದು ಬಾರದು. ಒಂದು ಬೆಳಿಗ್ಗೆ, ಪ್ರಾರ್ಥನೆಯ ಹೊತ್ತಿಗೆ, ನಿನ್ನ ನೋಟ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಪುಟ ಬಿಡಿಸಿ ನನ್ನ ಕೆಂಪು ಇಂಕಿನ ಮೇಲೆ ಬೆರಳಿಟ್ಟು, "ಇಲ್ಲೇನು ಬರ್ದಿದೀರಿ ಸಾಮಿ? 'ಚೆಂದಾಗದೆ' ಅಂತ ಬರ್ದವ್ರೆ ಅಂತಾನೆ ಇವ್ನು. ಚೆಂದಾಗಿದ್ರೆ ಇಷ್ಟುದ್ದ ಯಾಕೆ ಬರೀತಾರೆ?" ಎಂದರು. ನಾನು ಬರೆದದ್ದು, ಒತ್ತಕ್ಷರ ತಪ್ಪಾಗಿವೆ, ಮೂರು ಸಲ ತಿದ್ದಿ ಬರೆ ಎಂದು. ನೀನು ಬಾಗಿಲ ಹಿಂದೆ ನಿಂತು ನೆಲ ನೋಡುತ್ತಿದ್ದೆ. ನೆನಪಿದೆಯಾ?

ಅವರು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಆವತ್ತಿನಿಂದ ರಾತ್ರಿ ಮುದ್ದೆ ತಿರುವುವಾಗ ನಿನ್ನನ್ನು ಒಲೆ ಮುಂದೆ ಕೂರಿಸಿ ಗಟ್ಟಿಯಾಗಿ ಓದಿಸಿದರು. ನೀನು ಎಲ್ಲಿ ತಡವರಿಸುತ್ತೀ ಎಂಬುದು ಅಕ್ಷರ ಬಾರದ ಅವರಿಗೂ ಕಿವಿಯಿಂದಲೇ ಗೊತ್ತಾಗುತ್ತಿತ್ತು. ಅದೇ ದಿನ ಹೊರಡುವಾಗ ಇನ್ನೊಂದು ಮಾತು ಹೇಳಿದರು: "ದೂರದ್ದು ನೋಡೋವಾಗ ಕಣ್ಣು ಕಿರಿದು ಮಾಡ್ತಾನೆ ಸಾಮಿ." ಇಡೀ ಕ್ಲಾಸನ್ನು ಸಂಭಾಳಿಸುತ್ತಿದ್ದ ನನಗೆ ಅದು ಕಂಡಿರಲೇ ಇಲ್ಲ. ನಿನ್ನನ್ನು ಮುಂದಿನ ಸಾಲಿಗೆ ತಂದೆ, ಆಮೇಲೆ ಕನ್ನಡಕವೂ ಬಂತು. ಯಾವ ಟ್ಯೂಷನ್ನಿನವರು ಇದನ್ನು ಹೇಳುತ್ತಾರೆ, ಹೇಳು?

ನಿನಗೆ ಪಾಠ ಹೇಳಿಕೊಡು ಎನ್ನುತ್ತಿಲ್ಲ. ಮಗಳನ್ನು ಕೇಳು. "ಸ್ಕೂಲಲ್ಲಿ ಏನಾಯ್ತು?" ಎಂದರೆ "ಏನಿಲ್ಲ" ಎಂದೇ ಉತ್ತರ. "ಇವತ್ತು ಯಾವ ತಟ್ಟೇಲಿ ಕೂತಿದ್ದೆ? ಯಾವ ಕಾರ್ಡು ಮುಗಿಸ್ದೆ?" ಎಂದು ಕೇಳಿ ನೋಡು, ಬಾಯಿ ಮುಚ್ಚುವುದಿಲ್ಲ. ಇದೆಲ್ಲ 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯಲ್ಲೇ ಶುರುವಾದ ನಲಿ-ಕಲಿ ಪದ್ಧತಿ; ತಟ್ಟೆ ಎಂದರೆ ಮಕ್ಕಳು ಕೂತು ಕಲಿಯುವ ಗುಂಪು. ನೀನೂ ಆ ಕಾರ್ಡುಗಳಲ್ಲೇ ಅಕ್ಷರ ಕಲಿತವನು. ಕಲಿಕಾ ಏಣಿಯಲ್ಲಿ ಅವಳು ಎಷ್ಟನೇ ಮೆಟ್ಟಿಲಲ್ಲಿದ್ದಾಳೆ ಎಂಬುದು ಶಾಲೆಯ ಗೋಡೆಯ ಮೇಲೇ ಇರುತ್ತದೆ, ಹೋಗಿ ನೋಡಬೇಕಷ್ಟೆ.

ತಪ್ಪು ನಮ್ಮದೂ ಇತ್ತು. "ನಿಮ್ಮಪ್ಪನ್ನ ಕರ್ಕೊಂಡು ಬಾ" ಎಂಬುದನ್ನು ನಾವು ಬೆದರಿಕೆ ಮಾಡಿಬಿಟ್ಟೆವು. ದೂರು ಹೇಳಲಿಕ್ಕೆ ಮಾತ್ರ ಕರೆದರೆ ಯಾರು ಬರುತ್ತಾರೆ?

ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ವಿಷಯವನ್ನೂ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿ, ಪೋಷಕರೇ ಇರಬೇಕು, ಸಮಿತಿಯ ಅರ್ಧದಷ್ಟು ಮಂದಿ ಹೆಂಗಸರಿರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಅವರ ಕೆಲಸ. ಆದರೆ ಮನೆ ಜಗಲಿಯಲ್ಲೇ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಕಳಿಸಿದ ಸದಸ್ಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಿಲ್ಲ ಎಂದು ಸಭೆಯಲ್ಲಿ ಒಬ್ಬ ಅಪ್ಪ ಎದ್ದು ಕೇಳಿದರೆ, ಹತ್ತು ಅರ್ಜಿ ಬರೆದರೂ ಆಗದ್ದು ಆಗುತ್ತದೆ.

ಮುಂದಿನ ಪೋಷಕರ ಸಭೆಗೆ ಮಗಳ ಕೈಯಲ್ಲಿ ಚೀಟಿ ಬರುತ್ತದೆ. ಹೆಂಡತಿಯನ್ನು ಕಳಿಸಿ ಸುಮ್ಮನಾಗಬೇಡ, ನೀನೂ ಹೋಗು. ಅರ್ಧ ದಿನದ ಕೂಲಿ ಹೋದರೆ ಹೋಗಲಿ.

ಅವ್ವನಿಗೆ ನನ್ನ ನಮಸ್ಕಾರ ಹೇಳು.

ಇತಿ,
ನಿನ್ನ ಮೇಷ್ಟ್ರು