ಎದುರು ಕೂತವರ ಡಬಲ್

ನಾನು ಇಸ್ಪೀಟು ಕಲಿತದ್ದು ಇಪ್ಪತ್ತೆಂಟರಿಂದ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು; ನಾಲ್ಕೂ ಸೂಟ್ ಸೇರಿದರೆ 28. ಆ ಆಟದಲ್ಲಿ ಡಬಲ್ ಅಂದರೆ ನೇರ ಸವಾಲು, ‘ನೀನು ಕೂಗಿದ್ದು ನಿನ್ನ ಕೈಲಿ ಆಗಲ್ಲ’ ಅಂತ. ಅಲ್ಲಿಂದ ಬ್ರಿಜ್‌ಗೆ ಬರುವವರು ಈ ಒಂದೇ ಅರ್ಥವನ್ನು ಹೊತ್ತು ತರುತ್ತಾರೆ. ಬ್ರಿಜ್‌ನಲ್ಲಿ ಡಬಲ್ ಹೆಚ್ಚಿನ ಸಲ ಎದುರಾಳಿಗೆ ಹಾಕಿದ ಸವಾಲಲ್ಲ, ಎದುರು ಕೂತ ಜೊತೆಗಾರರಿಗೆ ಕೇಳಿದ ಪ್ರಶ್ನೆ. ಇದು ತಲೆಗೆ ಬೇಗ ಹೋಗುತ್ತದೆ, ಕೈಗೆ ಬರಲು ವರ್ಷಗಳು ಬೇಕು.

ನನಗೆ ಇದನ್ನು ಹೇಳಿಕೊಟ್ಟವರು ಲಕ್ಕವಳ್ಳಿಯ ನಮ್ಮ ಜಗಲಿಗೆ ಆಟಕ್ಕೆ ಬರುವ ನಿವೃತ್ತ ಇಂಜಿನಿಯರ್ ಒಬ್ಬರು. ಆಷಾಢ ಶ್ರಾವಣದಲ್ಲಿ ಭದ್ರೆಯ ನೀರು 186 ಅಡಿಯತ್ತ ಏರುವಾಗ ಊರೆಲ್ಲ ಅಣೆಕಟ್ಟಿನ ಮಾತಾಡುತ್ತದೆ. ಹೊರಗೆ ಕೆಲಸವಿಲ್ಲದ ಆ ಮಳೆಯ ಸಂಜೆಗಳೇ ನಮ್ಮ ಆಟದ ಹೊತ್ತು. ನಾಲ್ವರಲ್ಲಿ ಇಬ್ಬರು ಅಡಿಕೆ ತೋಟದವರು, ಒಬ್ಬರು ಇಂಜಿನಿಯರ್, ಮತ್ತೆ ಮೇಷ್ಟ್ರಾಗಿದ್ದ ನಾನು.

ಮೊದಮೊದಲು ನಾವು ಬಾಯಲ್ಲೇ ಕೂಗುತ್ತಿದ್ದೆವು. ತೋಟದವರು ದಂಡ ಹಾಕಲು ಡಬಲ್ ಹೇಳಿದರೆ ದನಿ ಜಗಲಿ ದಾಟುತ್ತಿತ್ತು. ಜೊತೆಗಾರರನ್ನು ಕೇಳುವ ಡಬಲ್ ಆದರೆ ಮೆಲ್ಲಗೆ, ಕೊನೆಗೊಂದು ಎಳೆತ. ಅರ್ಥವೆಲ್ಲ ದನಿಯಲ್ಲೇ ಇತ್ತು. ಇದನ್ನು ಇಂಜಿನಿಯರ್ ಒಪ್ಪಲಿಲ್ಲ. ‘ಮೇಷ್ಟ್ರೇ, ದನಿ ಕೇಳಿ ಆಡೋದು ಪಕ್ಕದವನ ಎಲೆ ಇಣುಕಿ ನೋಡಿದ ಹಾಗೆ’ ಅಂದರು. ಅವರು ಹೇಳಿದ್ದೇ ಸರಿ. ಆಟದ ಕಾನೂನೂ ಹಾಗೇ ಹೇಳುತ್ತದೆ. ಸ್ವೀಡನ್‌ನಲ್ಲಿ 1960ರ ದಶಕದಲ್ಲಿ ಬಂದ ಬಿಡ್ಡಿಂಗ್ ಬಾಕ್ಸ್ ಒಂದನ್ನು ಅವರೇ ತರಿಸಿದರು. ಪಾಸ್‌ಗೆ ಹಸಿರು ಚೀಟಿ, ಡಬಲ್‌ಗೆ ಕೆಂಪು. ಕೆಂಪು ಚೀಟಿ ಮೇಜಿನ ಮೇಲೆ ಬಿದ್ದರೆ ದನಿಯೂ ಇಲ್ಲ, ಮುಖವೂ ಇಲ್ಲ. ಇನ್ನು ಅರ್ಥವನ್ನು ಆವರೆಗಿನ ಹರಾಜಿನಿಂದಲೇ ತೆಗೆಯಬೇಕು. ನನ್ನ ಕಲಿಕೆ ನಿಜವಾಗಿ ಶುರುವಾದದ್ದು ಆಗ.

ಹ್ಯಾರಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ಹಡಗಿನ ಮೇಲೆ ಕೂತು ಈಗಿನ ಕಾಂಟ್ರ್ಯಾಕ್ಟ್ ಬ್ರಿಜ್‌ನ ಅಂಕಪದ್ಧತಿ ರೂಪಿಸುವ ಮೊದಲೇ, ಅದರ ಹಿಂದಿನ ಆಕ್ಷನ್ ಬ್ರಿಜ್‌ನಲ್ಲಿ, ಕೇಳುವ ಡಬಲ್ ಹುಟ್ಟಿಯಾಗಿತ್ತು. ಎದುರಾಳಿ 1 ಹಾರ್ಟ್ ಅಂದ ಕೂಡಲೇ ‘ಏಳು ಪಟ್ಟು ನಿನಗೆ ಬರಲ್ಲ’ ಎಂದು ಪಣ ಕಟ್ಟುವಷ್ಟು ಹಾರ್ಟ್ ಯಾರ ಕೈಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಅಪರೂಪದ ಕೆಲಸಕ್ಕೆ ಮೀಸಲಿಟ್ಟು ಕೂರುವ ಬದಲು ‘ಉಳಿದ ಮೂರರಲ್ಲಿ ನಿಮ್ಮದು ಯಾವುದು?’ ಎಂದು ಕೇಳಲು ಡಬಲ್ ಬಳಸುವುದು ಲಾಭ. 1957ರಲ್ಲಿ ಆಲ್ವಿನ್ ರಾತ್ ಮತ್ತು ಟೋಬಿಯಾಸ್ ಸ್ಟೋನ್ ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ನನ್ನ ಜೊತೆಗಾರರು 1 ಡೈಮಂಡ್ ತೆರೆದರು, ಮಧ್ಯೆ ಎದುರಾಳಿ 1 ಸ್ಪೇಡ್ ಅಂದ. ನನ್ನಲ್ಲಿ ನಾಲ್ಕೇ ಹಾರ್ಟ್, ಎಂಟು ಪಾಯಿಂಟ್. 2 ಹಾರ್ಟ್ ಅನ್ನಲು ಎಲೆಯೂ ಸಾಲದು, ಬಲವೂ ಸಾಲದು. ಡಬಲ್ ಹಾಕಿದರೆ ಆ ಕಥೆಯೆಲ್ಲ ಅವರಿಗೆ ತಲುಪುತ್ತದೆ. ಅದೇ ವರ್ಷ ಸೋವಿಯತ್ ಒಕ್ಕೂಟ ಹಾರಿಸಿದ ಉಪಗ್ರಹದ ನೆನಪಿಗೆ ಇದನ್ನು ಸ್ಪುಟ್ನಿಕ್ ಡಬಲ್ ಎಂದೂ ಕರೆದರು. ನೆಗೆಟಿವ್ ಡಬಲ್ ಎಂಬ ಹೆಸರೇ ಈಗ ನಿಂತಿದೆ.

ಆದರೆ ಒಂದು ಪಡೆದರೆ ಒಂದು ಬಿಡಬೇಕು. ಇದನ್ನು ಒಪ್ಪಿಕೊಂಡ ಮೇಲೆ, ನನ್ನ ಕೈಯಲ್ಲಿ ನಿಜವಾಗಿಯೂ ಸ್ಪೇಡ್ ತುಂಬಿದ್ದರೆ ಏನು ಮಾಡಲಿ?

ಒಂದು ಸಂಜೆ ಬಂದ ಕೈ ಇದು: ಸ್ಪೇಡ್‌ನಲ್ಲಿ ರಾಜ, ರಾಣಿ, ಹತ್ತು, ಒಂಬತ್ತು, ಐದು, ಹಾರ್ಟ್ ಆರು ಒಂದೇ, ಡೈಮಂಡ್ ಎಕ್ಕ, ಎಂಟು, ನಾಲ್ಕು, ಕ್ಲಬ್ ಗುಲಾಮ, ಹತ್ತು, ಏಳು, ಎರಡು. ಇಂಜಿನಿಯರ್ 1 ಹಾರ್ಟ್ ತೆರೆದರು. ನನ್ನ ಬಲಗಡೆಯವರು 1 ಸ್ಪೇಡ್ ಅಂದರು. ಕೆಂಪು ಚೀಟಿ ಹಾಕಿದರೆ ಇಂಜಿನಿಯರ್ ಅದನ್ನು ಡೈಮಂಡ್, ಕ್ಲಬ್ ಎಂದೇ ಓದುತ್ತಾರೆ. ಹತ್ತು ಪಾಯಿಂಟ್ ಹಿಡಿದುಕೊಂಡು ನಾನು ಹಸಿರು ಚೀಟಿ ಇಟ್ಟೆ. ಎಡಗಡೆಯವರೂ ಪಾಸ್.

ಈಗ ಇಂಜಿನಿಯರ್ ಸಾರ್ ಯೋಚಿಸಿದ ಬಗೆಯನ್ನು ಆಟ ಮುಗಿದ ಮೇಲೆ ಅವರೇ ಬಿಡಿಸಿ ಹೇಳಿದರು. ‘ನನ್ನ ಹತ್ರ ಇರೋದು ಒಂದೇ ಸ್ಪೇಡು. ಕೂಗಿದವರ ಹತ್ರ ಐದು ಅಂದ್ಕೊಳ್ಳಿ. ಇನ್ನೂ ಏಳು ಉಳೀತು. ಅವರ ಜೊತೆಗಾರರ ಹತ್ರ ಮೂರಿದ್ದು ಬಲಾನೂ ಇದ್ದಿದ್ರೆ 2 ಸ್ಪೇಡ್ ಅಂತಿದ್ರು, ಅನ್ನಲಿಲ್ಲ. ಹಂಗಾದ್ರೆ ಅಷ್ಟೂ ಎಲ್ಲಿ ಹೋಯ್ತು? ನಿಮ್ಮ ಹತ್ರಾನೇ.’ ಅವರ ಕೈಯಲ್ಲಿ ಹದಿನೈದೇ ಪಾಯಿಂಟ್. ಆದರೂ ಡಬಲ್ ಹಾಕಿದರು. ಅವರ ಡಬಲ್ ಕೇಳುವ ಡಬಲ್ಲೇ. ಅದನ್ನು ದಂಡವಾಗಿ ಮಾಡಿದ್ದು ನನ್ನ ಎರಡನೆಯ ಪಾಸ್. ಎದುರಾಳಿಗಳು ವಲ್ನರಬಲ್, ಏಳು ಪಟ್ಟು ಬೇಕಿದ್ದಲ್ಲಿ ನಾಲ್ಕು ಬಂತು. ಮೂರು ಕಡಿಮೆಗೆ ನಮಗೆ 800. ನಾವೇ 3 ನೋ ಟ್ರಂಪ್ ಆಡಿ ಗೆದ್ದಿದ್ದರೆ ಸಿಗುತ್ತಿದ್ದದ್ದು 400.

ಆ ಕೈಯಿಂದ ನಾನು ಕಲಿತದ್ದು, ಡಬಲ್ ಓದುವಾಗ ಯಾರು ಏನು ಕೂಗಿದರು ಎಂಬುದರಷ್ಟೇ ಯಾರು ಏನು ಕೂಗಲಿಲ್ಲ ಎಂಬುದನ್ನೂ ಎಣಿಸಬೇಕು ಅಂತ. ಇಂಜಿನಿಯರ್ ಕೈಯಲ್ಲಿ ಮೂರು ಸ್ಪೇಡ್ ಇದ್ದಿದ್ದರೆ ನನ್ನ ಪಾಸ್‌ಗೆ ಬಲಹೀನತೆ ಎಂಬ ಅರ್ಥವೇ ಉಳಿಯುತ್ತಿತ್ತು. ಅವರೂ ಪಾಸ್ ಮಾಡಿ ಸುಮ್ಮನಿರುವುದೇ ಸರಿಯಾಗುತ್ತಿತ್ತು.

2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ 60ರ ಪ್ರಣಬ್ ಬರ್ಧನ್, 56ರ ಶಿಬ್‌ನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದ ಸುದ್ದಿ ಓದಿ ಇಂಜಿನಿಯರ್ ಒಂದು ನೋಟ್‌ಬುಕ್ ಶುರು ಮಾಡಿದರು. ನಮ್ಮ ಒಪ್ಪಂದಗಳೆಲ್ಲ ಅದರಲ್ಲಿವೆ. ನನ್ನ ಮಟ್ಟಿಗೆ ಜಾಣತನಕ್ಕಿಂತ ಆ ನೋಟ್‌ಬುಕ್ ದೊಡ್ಡದು. ಮೊದಲ ಪುಟದಲ್ಲೇ ಇದೆ: ನಮ್ಮಿಬ್ಬರಿಗೂ ಹೊಂದುವ ಸೂಟ್ ಇನ್ನೂ ಸಿಕ್ಕಿಲ್ಲದಿದ್ದರೆ, ಹರಾಜು ಕೆಳಗಿನ ಮಟ್ಟದಲ್ಲೇ ಇದ್ದರೆ, ಡಬಲ್ ಅಂದರೆ ಪ್ರಶ್ನೆ. ಸೂಟ್ ಸಿಕ್ಕಿದ ಮೇಲೆ ದಂಡ.

ಇದಕ್ಕೂ ಒಂದು ಚೆಂದದ ಅಪವಾದವಿದೆ. ನಾನು 1 ಹಾರ್ಟ್, ಎದುರಾಳಿ 2 ಡೈಮಂಡ್, ಜೊತೆಗಾರರು 2 ಹಾರ್ಟ್, ಎದುರಾಳಿ 3 ಡೈಮಂಡ್. ‘ಬಲವಿದ್ದರೆ 4 ಹಾರ್ಟ್‌ಗೆ ಹೋಗಿ’ ಎಂದು ಆಹ್ವಾನಿಸಬೇಕು ನನಗೆ. ಆದರೆ 3 ಡೈಮಂಡ್‌ಗೂ 3 ಹಾರ್ಟ್‌ಗೂ ನಡುವೆ ಒಂದು ಕೂಗಿಗೂ ಜಾಗವಿಲ್ಲ. 3 ಹಾರ್ಟ್ ಅಂದರೆ ಬರೀ ಪೈಪೋಟಿ. ಹಾಗಾಗಿ ಇಲ್ಲಿ ಡಬಲ್ಲೇ ಆಹ್ವಾನ. ಅದೇ ಅವರು ಸ್ಪೇಡ್ ಹಿಡಿದು 2 ಸ್ಪೇಡ್‌ಗೆ ಬಂದಿದ್ದರೆ 3 ಕ್ಲಬ್, 3 ಡೈಮಂಡ್ ಎರಡೂ ಖಾಲಿ. ಆಹ್ವಾನಕ್ಕೆ ಅವು ಸಾಕು, ಡಬಲ್ ದಂಡಕ್ಕೇ ಉಳಿಯುತ್ತದೆ. ಜಾಗ ಎಷ್ಟಿದೆ ಎಂದು ನೋಡದೆ ಡಬಲ್‌ಗೆ ಅರ್ಥ ಹಚ್ಚಬಾರದು ಎಂಬುದು ನನಗೆ ಮನದಟ್ಟಾದದ್ದು ಇವೆರಡನ್ನು ಪಕ್ಕಪಕ್ಕ ಬರೆದು ನೋಡಿದಾಗ.

ಎದುರಾಳಿಗಳು ತಾವಾಗಿಯೇ ಸ್ಲ್ಯಾಮ್‌ಗೆ ಏರಿದ ಮೇಲೆ ಜೊತೆಗಾರರು ಹಾಕುವ ಡಬಲ್ ಬೇರೆಯೇ ಜಾತಿಯದು. ಥಿಯೋಡೋರ್ ಲೈಟ್ನರ್ 1929ರಲ್ಲಿ ಕೊಟ್ಟದ್ದು: ಮಾಮೂಲಿ ಎಲೆ ಇಳಿಸಬೇಡಿ, ನನಗೊಂದು ಸೂಟ್ ಪೂರ್ತಿ ಖಾಲಿ, ಅದನ್ನು ಹುಡುಕಿ ಕೊಡಿ, ತುರುಫು ಹಾಕುತ್ತೇನೆ. ನಮ್ಮ ಜಗಲಿಗೆ ಇದು ಬರುವುದು ಅಪರೂಪ.

ಈಗ ಚರ್ಚೆ ನಡೆದಿರುವುದು ಇನ್ನೊಂದರ ಮೇಲೆ. ಎದುರಾಳಿ 1 ಹಾರ್ಟ್, ಜೊತೆಗಾರರು ಡಬಲ್, ಎದುರಾಳಿ 2 ಹಾರ್ಟ್, ನಾನು ಡಬಲ್. ಇಬ್ಬರೂ ಹಾರ್ಟ್ ಹೊಂದಿಸಿಕೊಂಡ ಮೇಲೆ ನನ್ನಲ್ಲಿ ಅದು ತುಂಬಿರಲಾರದು, ಆದ್ದರಿಂದ ಇದೂ ಪ್ರಶ್ನೆಯೇ. ನಾಲ್ಕು ಸ್ಪೇಡ್ ಇದ್ದಿದ್ದರೆ ಅದನ್ನೇ ಕೂಗುತ್ತಿದ್ದೆ, ಹಾಗಾಗಿ ನನ್ನವು ಡೈಮಂಡ್ ಮತ್ತು ಕ್ಲಬ್. ಇಷ್ಟರ ತನಕ ನಾವಿಬ್ಬರೂ ಒಂದೇ. ಅವರು ನೇರವಾಗಿ 4 ಹಾರ್ಟ್‌ಗೆ ಹಾರಿದಾಗಲೂ ಹೀಗೇ ಓದಬೇಕು ಅನ್ನುತ್ತಾರೆ ಇಂಜಿನಿಯರ್. 3 ಹಾರ್ಟ್‌ಗೆ ನಿಲ್ಲಿಸೋಣ ಅನ್ನುವವನು ನಾನು. ಅಷ್ಟು ಮೇಲೆ ಹೋದ ಮೇಲೆ ನನ್ನ ಕೈಯಲ್ಲಿ ಎರಡು ಎಕ್ಕ ಇದ್ದರೆ ಅದನ್ನು ಹೇಳಲು ಡಬಲ್ ಬಿಟ್ಟು ಬೇರೆ ಚೀಟಿಯಿಲ್ಲ. ನೋಟ್‌ಬುಕ್‌ನಲ್ಲಿ ಸದ್ಯಕ್ಕೆ 3 ಹಾರ್ಟ್ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೇವೆ.